ಮಹಡಿಯ ಗೆಜ್ಜೆ

ಪಕ್ಕದ ಮನೆಯ ಹುಡುಗಿ ಬಿಸಿಲಿಗೆ ಹರವಿಟ್ಟ ಗೆಜ್ಜೆಯಿಂದ ಬೆವರು ಹಿಡಿದ ಚರ್ಮದ ವಾಸನೆ ಬಂದಾಗಲೆಲ್ಲ, ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಆ ಭಾನುವಾರ ಮಧ್ಯಾಹ್ನ ನೆನಪಾಗುತ್ತದೆ.

ವಾರವಿಡೀ ಅಪ್ಪನ ಸ್ಕೂಟರ್ ನಮ್ಮನ್ನು ಚೆಸ್ಸು, ಈಜು, ಡಾನ್ಸು ಅಂತ ಜಯನಗರಕ್ಕೂ ಬನಶಂಕರಿಗೂ ಹೊತ್ತು ತಿರುಗುತ್ತಿತ್ತು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದದ್ದು ಯಾರಾದರೂ ಗೆದ್ದಾಗ ಮಾತ್ರ. ಆ ಸಲ ನನಗೆ ಚೆಸ್ಸಿನಲ್ಲಿ ಪುಟ್ಟ ಕಪ್ ಸಿಕ್ಕಿತ್ತು, ಅಕ್ಕ ಅನುವಿಗೆ ಡಾನ್ಸಿನಲ್ಲಿ ಮೊದಲ ಬಹುಮಾನ. ಅವಳು ಕಟ್ಟಿಕೊಂಡು ಕುಣಿದ ಗೆಜ್ಜೆ ನಮ್ಮ ಅತ್ತೆಯದು. ಅಪ್ಪನ ಆ ತಂಗಿ ಹುಡುಗಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಟ್ರಂಕಿನಿಂದ ಗೆಜ್ಜೆ ತೆಗೆದುಕೊಟ್ಟವರು ಅವಳ ತಾಯಿ, ನಮ್ಮ ಅಜ್ಜಿ.

ನಡುಮನೆಯಲ್ಲಿ ಎಲೆ ಹಾಕಿ ಕೂತಿದ್ದೆವು. ಅಮ್ಮ ಅಡುಗೆಮನೆಯಲ್ಲಿ ಆಂಬೊಡೆ ಕರಿಯುತ್ತಿದ್ದರು. ಆಗ ಮಹಡಿಯ ಕೋಣೆಯಲ್ಲಿ ಗೆಜ್ಜೆ ಸದ್ದು ಶುರುವಾಯಿತು, ಒಂದಿಷ್ಟೂ ತಾಳ ತಪ್ಪದೆ.

"ಸಾಕು ಬಾರೇ ಅನು, ಆರೋಗತ್ತೆ!" ಅಮ್ಮ ಕೂಗಿದರು.

"ಇಲ್ಲೇ ಇದೀನಲ್ಲಮ್ಮ" ಎಂದಳು ನನ್ನ ಪಕ್ಕದಲ್ಲಿದ್ದ ಅಕ್ಕ. ಅವಳ ಬೆರಳಿಗೆ ಪಾಯಸ ಅಂಟಿತ್ತು.

ಅಮ್ಮ ಜಾಲರಿ ಸೌಟು ಹಿಡಿದೇ ಬಾಗಿಲಿಗೆ ಬಂದು ಅವಳನ್ನು ನೋಡಿದರು. ಮೇಲೆ ಸದ್ದು ನಿಂತಿರಲಿಲ್ಲ. ಅಪ್ಪ ತಲೆಯೆತ್ತಲಿಲ್ಲ; ಅವರ ಕೈ ಅನ್ನದಲ್ಲಿ ಹಾಗೇ ಉಳಿದಿತ್ತು.

"ತಡಿಯಮ್ಮ, ಅವ್ಳು ಮುಗಿಸ್ಲಿ" ಎಂದರು ಅಜ್ಜಿ ಮೆಲ್ಲಗೆ. "ಅರ್ಧಕ್ಕೆ ನಿಲ್ಸಿದ್ರೆ ಮುನಿಸ್ಕೊಂಡು ಊಟಾನೇ ಮಾಡಲ್ಲ."

ಗೆಜ್ಜೆ ನಿಂತಾಗ ಅಜ್ಜಿ ಒಬ್ಬರೇ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಅಪ್ಪನೂ ಎಂಜಲು ಕೈಯಲ್ಲೇ ತಟ್ಟಿದರು.

ಮರುವಾರ ಅಮ್ಮ ಅಕ್ಕನನ್ನು ಡಾನ್ಸ್ ಬಿಡಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದರು. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ಅಕ್ಕ ಕೂಡ.