ಗಮಕ ಶಿಬಿರ

ಅರವತ್ತು ದಾಟಿದ ಅಕ್ಕತಂಗಿ ಇಬ್ಬರೂ ಅಮ್ಮನ ಮಂಚದ ಪಕ್ಕದಲ್ಲೇ ಕೂತು ಕಾಲೇಜು ದಿನಗಳ ಗುಟ್ಟೊಂದನ್ನು ಕೆದಕುತ್ತಿದ್ದರು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಕಿವಿ ಮಂದವಾಗಿದೆಯೆಂದು ಮನೆಯವರೆಲ್ಲ ನಂಬಿದ್ದರು. ಆದರೂ ಇಬ್ಬರೂ ಪಿಸುಗುಡುತ್ತಲೇ ಇದ್ದರು, ನಗು ಹೊರಗೆ ಬಾರದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು.

“ಗಮಕ ಶಿಬಿರ ಅಂತ ಸುಳ್ಳು ಹೇಳಿ, ಬೆನ್ನಿಗೆ ಚೀಲ ಏರಿಸ್ಕೊಂಡು ಬೆಟ್ಟ ಹತ್ತಿದ್ವಲ್ಲ, ಎಷ್ಟು ಧೈರ್ಯನೇ ನಮಗೆ,” ಎಂದಳು ತಂಗಿ.

“ವಾಪಸ್ ಬಂದ್ಮೇಲೆ ಅಮ್ಮ, ಕಲ್ತಿದ್ದನ್ನ ಹಾಡ್ರೇ ಅಂದ್ಳು. ನೀನು ಸಿನಿಮಾ ಹಾಡಿನ ಧಾಟೀಲಿ ಭಾರತ ಓದ್ಬಿಟ್ಟೆ.”

“ಅಮ್ಮ ತಲೆದೂಗಿದ್ಳು ಕಣೇ.”

ಅಕ್ಕ ನಗುತ್ತಾ ನಗುತ್ತಾ ಗೋಡೆಗೆ ಒರಗಿಕೊಂಡಳು.

“ಮೆಲ್ಲಗೆ. ಈಗ ಗೊತ್ತಾದ್ರೂ ಬಾಸುಂಡೆ ಬರೋ ಹಾಗೆ ಬಾರಿಸ್ತಾಳೆ,” ಎಂದಳು ತಂಗಿ.

“ಆ ಟೆಂಟು ಬೇರೆ ನಮ್ಮ ಮೇಲೇ ಬಿತ್ತು. ಎದ್ದು ನೋಡಿದ್ರೆ ಕಾಲ್ತುಂಬಾ ಜಿಗಣೆ. ನೀನು ಚೀಲದಲ್ಲಿ ಉಪ್ಪಿನ ಪೊಟ್ಟಣ ಇಟ್ಟಿದ್ದಕ್ಕೆ ಬಚಾವಾದ್ವಿ. ಉಪ್ಪು ಬಿದ್ದಿದ್ದೇ ತಡ, ಎಲ್ಲಾ ಉದುರಿಹೋದ್ವು.”

“ನಾನೆಲ್ಲಿ ಇಟ್ಟೆ? ಅಲ್ಲಿ ಜಿಗಣೆ ಇರತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಅದನ್ನ ತಂದಿದ್ದು ನೀನಲ್ವಾ?”

“ನಾನಲ್ಲ ಕಣೇ.”

ಇಬ್ಬರ ನಗುವೂ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಂಚದ ಮೇಲಿಂದ, ಗೋಡೆಯ ಕಡೆಗೇ ಮುಖ ಮಾಡಿಕೊಂಡು, ಅಮ್ಮ ಕೇಳಿದಳು:

“ಉಪ್ಪು ಇಬ್ಬರಿಗೂ ಸಾಕಾಯ್ತೇನ್ರೇ?”