ತಂದವನೇ ತಿನ್ನದ ಮೀನು

ನಾಲ್ಕನೇ ಸಲವೂ ಅವನು ಮೀನು ಮುಟ್ಟಲಿಲ್ಲ. ಲಾರಿಯಿಂದ ಬುಟ್ಟಿ ಇಳಿಸಿದ, ಕೈಕಾಲು ತೊಳೆದ, ಮೂಲೆಯ ಬೆಂಚಿನಲ್ಲಿ ಕೂತು ಅನ್ನಕ್ಕೆ ಬರೀ ಮಜ್ಜಿಗೆ ಹಾಕಿಸಿಕೊಂಡ. ತಲೆಗೆ ಸುತ್ತಿದ ಟವೆಲ್ಲನ್ನು ಉಣ್ಣುವಾಗಲಾದರೂ ಬಿಚ್ಚುವ ಮರ್ಯಾದೆ ಬೇಡವೇ? ಒಲೆಯ ಮುಂದೆ ನಿಂತಿದ್ದ ಲಿಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು? ಮಡಿಕೇರಿಯಿಂದ ಕುಶಾಲನಗರದವರೆಗೆ ಯಾರನ್ನು ಕೇಳಿದರೂ, ಕಡಲ ಮೀನು ತಿನ್ನಬೇಕಾದರೆ ಸುಂಟಿಕೊಪ್ಪದ ಲಿಂಗಮ್ಮನ ಹೋಟೆಲಿಗೇ ಹೋಗಿ ಎನ್ನುತ್ತಿದ್ದರು. ಕಾಚಂಪುಳಿಯ ಕಪ್ಪು ಹುಳಿ ಹಾಕಿ ಕುದಿಸಿದ ಅವಳ ಬಂಗುಡೆ ಸಾರಿಗೆ ಲಾರಿ ಡ್ರೈವರುಗಳೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳೂ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು. ಅದಕ್ಕೆಲ್ಲ ಅವಳ ಗಂಡ ಜವರಯ್ಯನೇ ಕಾರಣ. ಅವನು ತಿಂಗಳಲ್ಲಿ ಅರ್ಧ ಕಾಲ ಮಂಗಳೂರಿನ ಬಂದರಿನಲ್ಲೇ ಬಿಡಾರ ಹೂಡಿ, ದೋಣಿಯಿಂದ ಇಳಿದ ಮೀನನ್ನು ಒಂದೊಂದಾಗಿ ಆರಿಸಿ, ಸಂಪಾಜೆ ಗಡಿ ದಾಟಿಸಿ ಆಗಿನ ಕೊಡಗು ರಾಜ್ಯಕ್ಕೆ ಕಳಿಸುತ್ತಿದ್ದ. ಮದುವೆಯಾದ ಹದಿನೈದು ವರ್ಷವೂ ಹೀಗೇ. ಮಕ್ಕಳಿಲ್ಲದ ಲಿಂಗಮ್ಮನಿಗೆ ಆ ಹೋಟೆಲೇ ಸರ್ವಸ್ವ.

ಈಚೆಗೆ ಹನ್ನೆರಡು ದಿನ ಬುಟ್ಟಿ ಬರಲೇ ಇಲ್ಲ. ಅವಳು ರೈಟರ್ ಸೋಮಯ್ಯನ ಕೈಲಿ ಗಂಡನಿಗೆ ಬೈಗುಳದ ಕಾಗದ ಬರೆಸಿದಳು. ಹದಿಮೂರನೇ ದಿನ ಬುಟ್ಟಿಯ ಜೊತೆ ಈ ಪ್ರಾಣಿ ಬಂತು. ಮೂವತ್ತರ ಹತ್ತಿರದ ವಯಸ್ಸು. ಇನ್ನು ಮೇಲೆ ಬುಟ್ಟಿ ತಾನೇ ತರುವುದು ಎಂದ. ಜವರಯ್ಯ ಎಲ್ಲಿ ಎಂದು ಕೇಳಿದರೆ ನೆಲ ನೋಡಿದ. ಗಂಡ ಸೋಮಾರಿಯಾಗಿ ಆಳು ಇಟ್ಟುಕೊಂಡ ಎಂದು ಅವಳು ತೀರ್ಮಾನಿಸಿದಳು. ಬುಟ್ಟಿಯ ಹಗ್ಗದ ಗಂಟು ಮಾತ್ರ ಜವರಯ್ಯ ಹಾಕುವಂಥದೇ. ಅಷ್ಟಾದರೂ ಕಲಿಸಿದ್ದಾನಲ್ಲ ಪುಣ್ಯಾತ್ಮ, ಎಂದುಕೊಂಡಳು.

ಅಂದಿನಿಂದ ಆಸಾಮಿ ದಿನ ಬಿಟ್ಟು ದಿನ ಬರುತ್ತಾನೆ. ಉಣ್ಣುವುದು ಮಜ್ಜಿಗೆ ಅನ್ನ. ಅವಳು ಸೌಟಿನಿಂದ ಅಂಗೈಗೆ ಸಾರು ಬಿಟ್ಟು ನೆಕ್ಕಿ ರುಚಿ ನೋಡಿದರೆ, ಇವನು ನೋಡಲಾರದವನಂತೆ ಮುಖ ತಿರುಗಿಸುತ್ತಾನೆ. ತಂದವನೇ ತಿನ್ನದ ಮೀನನ್ನು ನಾವು ಹೇಗಪ್ಪಾ ತಿನ್ನೋದು ಎಂದು ಮೊದಲು ತಟ್ಟೆ ಸರಿಸಿದವನು ಸೋಮಯ್ಯ. ಮಾತು ಹಬ್ಬಲು ಎಷ್ಟು ಹೊತ್ತು? ವಾರದಲ್ಲಿ ಅರ್ಧ ಬೆಂಚು ಖಾಲಿ. ಎದುರುಗಡೆ ಧರ್ಮಪಾಲನ ಹೋಟೆಲಿನಲ್ಲಿ ಕೂರಲು ಜಾಗವಿಲ್ಲ.

ಮೊನ್ನೆಯಂತೂ ಅವಳು ಕಣ್ಣಾರೆ ಕಂಡಳು. ಇವನು ರಸ್ತೆ ದಾಟಿ ಹೋಗಿ ಧರ್ಮಪಾಲನ ಕಿವಿಯಲ್ಲಿ ಏನೋ ಕೇಳಿದ. ಧರ್ಮಪಾಲ ಅವಳ ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಎನ್ನುವಂತೆ ತಲೆಯಾಡಿಸಿದ. ಗಿರಾಕಿಗಳ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದಾರೆ, ಹಲ್ಕಾಗಳು! ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಇವತ್ತು ಭಾನುವಾರದ ಸಂತೆ. ರಸ್ತೆ ತುಂಬ ಜನ. ಲಿಂಗಮ್ಮ ಕೆಂಪಗೆ ಹುರಿದ ಬಂಗುಡೆಯೊಂದನ್ನು ತಟ್ಟೆಯಲ್ಲಿ ತಂದು ಅವನ ಮುಂದೆ ಕುಕ್ಕಿದಳು.

"ಏನ್ಲಾ, ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬಂದಿದ್ದೀಯಾ? ತಿನ್ನು ಇದನ್ನ. ಇಲ್ಲ, ಯಾಕೆ ತಿನ್ನಲ್ಲ ಅಂತ ಇವರೆಲ್ಲರ ಮುಂದೆ ಬಾಯಿ ಬಿಡು."

ಜನ ಬಾಗಿಲಿಗೆ ಬಂದು ನಿಂತರು. ಧರ್ಮಪಾಲನೂ ಬಂದ. ನಗುತ್ತಾನೆ ಎಂದುಕೊಂಡಿದ್ದಳು, ನಗಲಿಲ್ಲ.

"ಬಿಡು ಲಿಂಗಮ್ಮ, ಅವನನ್ನ ಇಲ್ಲಿ ಕೇಳಬೇಡ" ಎಂದ.

ಕಳ್ಳನಿಗೆ ಇನ್ನೊಬ್ಬ ಕಳ್ಳನ ಸಾಕ್ಷಿ! ಅವಳ ತಾಳ್ಮೆ ತಪ್ಪಿತು. ಮೀನಿನಲ್ಲಿ ಹುಳುಕಿದ್ದರೆ ತಾನೇ ಎಲ್ಲರ ಕಣ್ಣೆದುರು ಸಾಯುತ್ತೇನೆ, ನೋಡಿಕೊಳ್ಳಿ ಎಂದು ಒಂದು ತುಂಡು ಮುರಿದು ಬಾಯಿಗೆ ಒಯ್ದಳು.

ಅವನು ಥಟ್ಟನೆ ಎದ್ದು ಅವಳ ಮಣಿಕಟ್ಟು ಹಿಡಿದ. ಎದ್ದ ರಭಸಕ್ಕೆ ಟವೆಲ್ಲು ಜಾರಿತು. ಬೋಳಿಸಿದ ತಲೆ. ಕೂದಲು ಆಗಷ್ಟೇ ಮೊಳೆಯುತ್ತಿತ್ತು.

"ಅಪ್ಪ ತೀರಿಹೋಗಿ ಇವತ್ತಿಗೆ ಹತ್ತೊಂಬತ್ತು ದಿನ," ಎಂದ. "ತಿಂಗಳು ತುಂಬುವವರೆಗೆ ನಾನು ಮೀನು ಮುಟ್ಟಲಿಕ್ಕಿಲ್ಲ."

ಬಾಗಿಲಲ್ಲಿದ್ದ ಸೋಮಯ್ಯ ನಾಲಿಗೆ ಕಚ್ಚಿಕೊಂಡ. ಲಿಂಗಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಇಷ್ಟೇ ಆಗಿದ್ದರೆ ಮೊದಲ ದಿನವೇ ಹೇಳಲು ಇವನಿಗೇನು ರೋಗ? ಒಂದು ಮಾತಿಗೆ ಅವಳ ಹೋಟೆಲು ಉಳಿಯುತ್ತಿತ್ತು.

"ನಿಮ್ಮಪ್ಪ ಸತ್ತರೆ ನೀನು ಬಿಡು, ನನ್ನ ಕೈ ಯಾಕೆ ಹಿಡೀತೀಯ?"

ಅವನು ಕೈ ಬಿಡಲಿಲ್ಲ.

"ನೀವು ಸಹ ಮುಟ್ಟಲಿಕ್ಕಿಲ್ಲ, ಚಿಕ್ಕಮ್ಮ."