ಬರೀ ನೀರಿನ ಸಾಲು

ಅತ್ತೆ-ಸೊಸೆಯ ಹಿತ್ತಲಿಗೆ ಬಂದಿದ್ದ ನರ್ಸರಿ ಮಾಲೀಕರು ಎಡಗಡೆಯ ಟ್ರೇಯಿಂದ ಒಂದು ಟೊಮೆಟೊ ಸಸಿ ಕಿತ್ತರು, ಬಲಗಡೆಯದರಿಂದ ಇನ್ನೊಂದು. ಎರಡರ ಬೇರನ್ನೂ ಬೆಳಕಿಗೆ ಹಿಡಿದು ನೋಡಿದರು. ಎರಡೂ ಗುಂಗುರು ಕೂದಲಿನಂತೆ ದಟ್ಟವಾಗಿದ್ದವು.

"ನಿಮ್ಮ ಕಡಲಪಾಚಿ ರಸ ಯಾವುದಕ್ಕೆ ಹಾಕಿದ್ದು?"

"ಎಡಗಡೆ ಸಾಲಿಗೆ ಸರ್. ಬಲಗಡೆಗೆ ಬರೀ ನೀರು," ಎಂದಳು ಸೊಸೆ. ದನಿ ಆಗಲೇ ಇಳಿದುಹೋಗಿತ್ತು. ರಸ ಕುಡಿದ ಸಸಿ ಹೆಚ್ಚು ಬೇರು ಬಿಡುತ್ತದೆಂದು ಕಣ್ಣಾರೆ ತೋರಿಸಿದರೆ ವರ್ಷಪೂರ್ತಿ ಅವಳಿಂದಲೇ ಕೊಳ್ಳುವುದಾಗಿ ಅವರು ಮಾತು ಕೊಟ್ಟಿದ್ದರು. ಹಿತ್ತಲಲ್ಲಿ ಪಾಚಿ ಕುದಿಸಿ, ಸೋಸಿ, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಓಡಾಡುವಂತೆ ಮಾಡಿದ್ದು ಈ ದಿನಕ್ಕಾಗಿ.

"ನೀರಿಗೇ ಇಷ್ಟು ಬೆಳೆಯೋದಾದ್ರೆ ನಿಮ್ಮ ರಸ ನನಗ್ಯಾಕಮ್ಮ?" ಮಾಲೀಕರು ಕೈ ಒರೆಸಿಕೊಂಡರು.

ಬಲೆಯ ಚಪ್ಪರದ ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಬಾಯಿಬಿಟ್ಟರು. "ತಪ್ಪು ನಂದು. ಇವಳು ಆ ಕಡೆ ಹೋದ ಮೇಲೆ ಬಲಗಡೆಯವಕ್ಕೂ ದಿನಾ ಆ ರಸ ಒಂದೊಂದು ಗುಟುಕು ಹಾಕ್ತಿದ್ದೆ."

"ಅತ್ತೆ! ಗೊಬ್ಬರ ಎರಡಕ್ಕೂ ಸಮನಾಗಿ ಹಾಕಿದೀನಿ ಅಂತ ಹೇಳಿರ್ಲಿಲ್ವಾ? ಇದು ಊಟ ಅಲ್ಲ, ಬೇರಿಗೆ ಚುರುಕು ಮುಟ್ಟಿಸೋ ರಸ ಅಷ್ಟೆ."

"ಏನೋಮ್ಮ. ಒಂದು ಸಾಲಿಗೆ ಬಡಿಸಿ ಪಕ್ಕದ ಸಾಲನ್ನ ದಾಟಿಕೊಂಡು ಹೋಗ್ತಿದ್ದೆ ನೀನು. ಅಂಥ ಪಂಕ್ತಿಭೇದ ನೋಡ್ತಾ ಇರೋಕೆ ಮನಸ್ಸು ಕೇಳಲಿಲ್ಲ."

ಸೊಸೆಗೆ ಮೈಯೆಲ್ಲ ಉರಿಯಿತು. ಆದರೆ ಮದುವೆಯಾಗಿ ಬಂದ ದಿನದಿಂದ ಮಗಳಿಗೊಂದು, ಸೊಸೆಗೊಂದು ಎಂದು ಬಡಿಸದ ಕೈ ಅದು.

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. "ನಾನು ನಂಬಬೇಕಂದ್ರೆ ಹೊಸದಾಗಿ ಸಸಿ ಹಾಕಿ ತೋರಿಸಿ. ಅಮ್ಮಾವ್ರನ್ನ ಮಾತ್ರ ಒಳಗೆ ಬಿಡಬೇಡಿ. ಈ ಸಲವೂ ವ್ಯತ್ಯಾಸ ಕಾಣದಿದ್ರೆ ನಾನು ಮತ್ತೆ ಈ ಕಡೆ ಬರಲ್ಲ."

ಹೊಸ ಸಸಿಗಳು ಎರಡೆಲೆ ಬಿಟ್ಟ ಬೆಳಿಗ್ಗೆ ಸೊಸೆ ಎರಡು ಕ್ಯಾನ್ ಹಿಡಿದು ಒಳಗೆ ಹೋದಳು. ಅತ್ತೆ ಹೊರಗೆ, ಚಪ್ಪರಕ್ಕೆ ಬೆನ್ನು ಮಾಡಿ ನಿಂತರು.

"ನಾನು ತಿರುಗಿ ನೋಡಲ್ಲಮ್ಮ, ನೀನು ನಿನ್ನ ಕೆಲಸ ಮುಗಿಸು. ನೀರನ್ನಾದ್ರೂ ಧಾರಾಳವಾಗಿ ಹಾಕು."

ಸೊಸೆ ಎಡಗಡೆಯ ಸಾಲಿಗೆ ರಸ ಹನಿಸಿ ಮುಗಿಸಿದಳು. ಬರೀ ನೀರಿನ ಕ್ಯಾನ್ ಎತ್ತಿಕೊಂಡು ಬಲಕ್ಕೆ ತಿರುಗಿದಾಗ, ಮೊದಲ ಸಲ, ಆ ಸಸಿಗಳ ಮುಖ ನೋಡಲು ಅವಳಿಂದ ಆಗಲಿಲ್ಲ.